ಮನೆಯಲ್ಲೇ ಎಚ್‌ಪಿವಿ ಟೆಸ್ಟ್: ಕಿಟ್ ಚೆನ್ನಾಗಿದೆ, ಜೊತೆಗೆ ಬಂದ ಫಾರಂ ಮಾತ್ರ ಕೇಳಬೇಡಿ

ಗರ್ಭಕಂಠದ ಕ್ಯಾನ್ಸರ್‌ಗೆ ಕಾರಣವಾಗುವ ಎಚ್‌ಪಿವಿ ವೈರಸ್ ಇದೆಯಾ ಅಂತ ನೋಡಲು ಮನೆಯಲ್ಲೇ ಸ್ಯಾಂಪಲ್ ತೆಗೆದು ಕಳಿಸುವ ಕಿಟ್ ಇದೆಯಲ್ಲ, ಅದನ್ನು ಎರಡು ತರಿಸಿದೆ. ಒಂದು ನನಗೆ, ಇನ್ನೊಂದು ನಮ್ಮ ಅತ್ತಿಗೆಗೆ. ನನಗೆ 41, ಮೈಸೂರಿನಲ್ಲಿ ಕೆಲಸ. ಅತ್ತಿಗೆಗೆ 48, ಹುಣಸೂರು ಕಡೆ ಹಳ್ಳಿ. ಇಬ್ಬರೂ ಇದುವರೆಗೆ ಡಾಕ್ಟರ್ ಗರ್ಭಕಂಠದಿಂದ ಜೀವಕೋಶ ತೆಗೆದು ನೋಡುವ ಪ್ಯಾಪ್ ಟೆಸ್ಟ್ ಒಂದನ್ನೂ ಮಾಡಿಸಿದವರಲ್ಲ. ನಮ್ಮದೇನೂ ಸಣ್ಣ ಗುಂಪಲ್ಲ ಬಿಡಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿದರೆ, ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು 100ಕ್ಕೆ ಇಬ್ಬರೂ ಇಲ್ಲ.

ಎರಡಕ್ಕೂ ಸೇರಿ ನಾಲ್ಕು ಸಾವಿರದ ಹತ್ತಿರ ಆಯಿತು. ಕಡಿಮೆಯೇನಲ್ಲ.

ಡಬ್ಬಿ ಒಳಗೆ ಉದ್ದ ಕಡ್ಡಿಯ ಒಂದು ಮೆತ್ತನೆ ಬ್ರಶ್, ಸ್ವಲ್ಪ ದ್ರವ ಇರುವ ಟ್ಯೂಬ್, ಬಾರ್‌ಕೋಡ್ ಸ್ಟಿಕ್ಕರ್, ಜಿಪ್ ಕವರ್, ಚಿತ್ರ ಹಾಕಿದ ಹಾಳೆ. ಮುಟ್ಟಿನ ದಿನಗಳಲ್ಲಿ ಬೇಡ, ಕೈ ತೊಳೆದುಕೊಳ್ಳಿ, ಒಳಗೆ ಹಾಕಿ ನಿಧಾನಕ್ಕೆ ತಿರುಗಿಸಿ, ಹೊರತೆಗೆದು ಟ್ಯೂಬಿಗೆ ಇಳಿಸಿ ಗುರುತು ಇರುವ ಕಡೆ ಕಡ್ಡಿ ಮುರಿಯಿರಿ. ಇಷ್ಟೇ. ಟಕ್ ಅಂತ ಮುರಿಯುತ್ತದೆ, ಆ ಸದ್ದಿಗೆ ನಾನೇ ಬೆಚ್ಚಿಬಿದ್ದೆ. ನೋವು ಅಂತೂ ಇಲ್ಲವೇ ಇಲ್ಲ, ಸ್ವಲ್ಪ ಕಚಗುಳಿ ಇಟ್ಟ ಹಾಗೆ. ಐದು ನಿಮಿಷದಲ್ಲಿ ಮುಗಿಸಿ ಹೊರಗೆ ಬಂದು ಕಾಫಿಗೆ ಹಾಲಿಟ್ಟೆ.

ಗರ್ಭಕಂಠದ ತನಕ ಮುಟ್ಟಿಸಬೇಕೇನೋ ಅಂತ ನಾನೂ ಹೆದರಿದ್ದೆ. ಹಾಗೇನಿಲ್ಲ. ಪ್ಯಾಪ್ ಟೆಸ್ಟಿನಲ್ಲಿ ನೋಡುವುದು ಜೀವಕೋಶ, ಅದನ್ನು ಸರಿಯಾದ ಜಾಗದಿಂದಲೇ ತೆಗೆಯಬೇಕು. ಇಲ್ಲಿ ಹುಡುಕುವುದು ವೈರಸ್. ಅದು ಯೋನಿಯಲ್ಲೂ ಸಿಗುತ್ತದೆ. ಲ್ಯಾಬಿನವರು ಪಿಸಿಆರ್ (ವೈರಸ್ಸಿನ ಡಿಎನ್‌ಎಯನ್ನು ಪ್ರತಿ ಮಾಡಿ ಹೆಚ್ಚಿಸಿ ಹುಡುಕುವ) ವಿಧಾನದಲ್ಲಿ ನೋಡಿದರೆ, ನಾವೇ ತೆಗೆದ ಸ್ಯಾಂಪಲ್ಲಿಗೂ ಡಾಕ್ಟರ್ ತೆಗೆದದ್ದಕ್ಕೂ ಹೆಚ್ಚು ಕಡಿಮೆ ಏನೂ ಇಲ್ಲ. ಆಸ್ಟ್ರೇಲಿಯಾದಲ್ಲಿ 2022ರ ಜುಲೈನಿಂದ ತಪಾಸಣೆಗೆ ಬರುವ ಪ್ರತಿ ಹೆಂಗಸೂ ಬೇಕೆಂದರೆ ಸ್ಯಾಂಪಲ್ ತಾನೇ ತೆಗೆದುಕೊಳ್ಳಬಹುದು.

ಈಗ ಫಾರಂ ವಿಷಯಕ್ಕೆ ಬರೋಣ. ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಬಗ್ಗೆ ಹೆಂಗಸರ ಮನಸ್ಸಿನಲ್ಲಿ ಏನಿದೆ ಅಂತ ಅಳೆಯಲು ಹನ್ನೆರಡು ಪ್ರಶ್ನೆ. ಪ್ರತಿಯೊಂದಕ್ಕೂ 'ಪೂರ್ತಿ ಒಪ್ಪುತ್ತೇನೆ'ಯಿಂದ 'ಸ್ವಲ್ಪವೂ ಒಪ್ಪುವುದಿಲ್ಲ'ದವರೆಗೆ ಐದು ಬಾಕ್ಸ್. ಒಂದು ಸಾಲು ನೋಡಿ: 'ಸ್ವಯಂ-ಮಾದರಿ ಸಂಗ್ರಹಣೆಯ ನನ್ನ ಸಾಮರ್ಥ್ಯದಲ್ಲಿ ನಾನು ಆತ್ಮವಿಶ್ವಾಸವನ್ನು ಹೊಂದಿದ್ದೇನೆ.' ಇದು ಯಾರ ಮನೆ ಕನ್ನಡ? ನಾನು ಎರಡು ಸಲ ಓದಿದೆ. ಅತ್ತಿಗೆ ಓದಲೇ ಇಲ್ಲ. ಪೆನ್ನು ತೆಗೆದುಕೊಂಡು ಮೇಲಿಂದ ಕೆಳಗೆ ಹನ್ನೆರಡಕ್ಕೂ 'ಪೂರ್ತಿ ಒಪ್ಪುತ್ತೇನೆ'ಗೇ ರೈಟ್ ಹಾಕಿ, "ಬೇಡ ಅಂದ್ರೆ ರಿಪೋರ್ಟ್ ಕೊಡಲ್ಲ ಅಂದ್ಬಿಟ್ರೆ?" ಅಂದರು.

ಆ ಹನ್ನೆರಡರಲ್ಲಿ 'ಮನೆಯಲ್ಲಿ ಮಾಡಿಕೊಳ್ಳುವುದೇ ನನಗೆ ಇಷ್ಟ' ಅಂತಲೂ ಇತ್ತು, 'ಆಸ್ಪತ್ರೆಯಲ್ಲಿ ಮಾಡಿಸುವುದೇ ನನಗೆ ಇಷ್ಟ' ಅಂತಲೂ ಇತ್ತು. ಎರಡಕ್ಕೂ ರೈಟ್! ನಾನು ನಕ್ಕೆ. "ಅತ್ತಿಗೆ, ಯಾವುದಾದ್ರೂ ಒಂದು ಹೇಳಿ" ಅಂದೆ. ಅವರು ಹೇಳಿದ್ದು ಕೇಳಿ ನಗು ನಿಂತಿತು. "ಮನೇಲಾದ್ರೆ ಯಾರ ಮುಂದೇನೂ ಸೀರೆ ಎತ್ಕೊಂಡು ಮಲಗಬೇಕಿಲ್ಲ. ಆಸ್ಪತ್ರೇಲಾದ್ರೆ ಏನಾದ್ರೂ ಇದ್ರೆ ಡಾಕ್ಟ್ರು ಅಲ್ಲೇ ಹೇಳ್ತಾರೆ, ಮಾತ್ರೆ ಬರೀತಾರೆ. ಎರಡೂ ಬೇಕು ಕಣೇ." ಇದನ್ನು ಯಾವ ಬಾಕ್ಸಿಗೆ ತುಂಬುತ್ತೀರಿ? ಲೆಕ್ಕ ಹಾಕುವವರು ಬಹುಶಃ ಈ ಹೆಂಗಸು ಸುಮ್ನೆ ಟಿಕ್ ಮಾಡಿದ್ದಾಳೆ ಅಂತ ಆ ಹಾಳೆಯನ್ನೇ ಪಕ್ಕಕ್ಕೆ ಇಡುತ್ತಾರೆ.

ನಾಚಿಕೆ, ನೋವು, ಹಣ ಎಲ್ಲದರ ಬಗ್ಗೆ ಕೇಳಿದ್ದಾರೆ. ಅತ್ತಿಗೆ ರಾತ್ರಿ ಪಾತ್ರೆ ಒರೆಸುತ್ತಾ ನನ್ನನ್ನು ಕೇಳಿದ್ದನ್ನು ಮಾತ್ರ ಕೇಳಿಲ್ಲ. "ಇದು ಗಂಡ ಹೆಂಡ್ತಿ ಸೇರೋದ್ರಿಂದ ಬರೋದಂತಲ್ಲ. ಇದೆ ಅಂತ ಬಂದ್ರೆ ನಿಮ್ಮಣ್ಣ ನನ್ನ ಏನು ಅಂದ್ಕೋತಾರೆ?" ಅವರ ನಿಜವಾದ ಭಯ ಇದು, ಬ್ರಶ್ ಅಲ್ಲ. ಈ ವೈರಸ್ ಬಹಳಷ್ಟು ಜನಕ್ಕೆ ಯಾವತ್ತೋ ಒಮ್ಮೆ ತಗುಲಿರುತ್ತದೆ, ಹೆಚ್ಚಿನವರಲ್ಲಿ ಒಂದೆರಡು ವರ್ಷದಲ್ಲಿ ತಾನೇ ಹೋಗುತ್ತದೆ, ಇಪ್ಪತ್ತು ವರ್ಷದ ಹಿಂದಿನದೂ ಈಗ ಕಾಣಿಸಬಹುದು, ಹಾಗಾಗಿ ಯಾರಿಂದ ಯಾರಿಗೆ ಅಂತ ಇದರಿಂದ ಹೇಳಲು ಆಗುವುದಿಲ್ಲ ಅಂತ ನಾನು ಕೂತು ಹೇಳಬೇಕಾಯಿತು. ಕಿಟ್ಟಿನ ಹಾಳೆಯಲ್ಲೇ ಇದನ್ನು ಎರಡು ಸಾಲು ಬರೆಯಬಹುದಿತ್ತು ಅಲ್ವಾ?

ಕೊರಿಯರ್ ಬಗ್ಗೆ ಒಂದು ಮಾತು. ಡಬ್ಬಿ ಮೇಲೆ ಏನೂ ಬರೆದಿರುವುದಿಲ್ಲ ಅಂತ ವೆಬ್‌ಸೈಟಿನಲ್ಲಿ ದೊಡ್ಡದಾಗಿ ಹಾಕಿದ್ದಾರೆ. ಬರೆದಿರಲಿಲ್ಲ, ನಿಜ. ಆದರೆ ತೆಗೆದುಕೊಂಡು ಹೋಗಲು ಬಂದ ಹುಡುಗ ಗೇಟಿನ ಹೊರಗಿಂದ "ಮೇಡಂ, ಲೇಡೀಸ್ ಟೆಸ್ಟ್ ಸ್ಯಾಂಪಲ್ ಇದೆಯಂತಲ್ಲ!" ಅಂತ ಕೂಗಿದ. ಎದುರು ಮನೆಯವರು ರಂಗೋಲಿ ಹಾಕುವುದನ್ನು ನಿಲ್ಲಿಸಿ ನೋಡಿದರು.

ಎಂಟನೇ ದಿನಕ್ಕೆ ನನ್ನ ರಿಪೋರ್ಟ್ ಬಂತು, ನೆಗೆಟಿವ್. ಅತ್ತಿಗೆಯದು 'ಸ್ಯಾಂಪಲ್ ಸಾಲದು'. ಪೂರ್ತಿ ಇಂಗ್ಲಿಷಿನಲ್ಲಿತ್ತು. ಅವರು ಫೋಟೋ ಕಳಿಸಿ, ಕೂಡಲೇ ಫೋನ್ ಮಾಡಿ, "ಏನಿದೆಯಂತೆ?" ಅಂದಾಗ ದನಿ ನಡುಗುತ್ತಿತ್ತು. ಕಂಪನಿಗೆ ಮೂರು ಸಲ ಫೋನ್ ಮಾಡಿದ ಮೇಲೆ ಇನ್ನೊಂದು ಕಿಟ್ ಉಚಿತವಾಗಿ ಕಳಿಸಿದರು, ಅದಕ್ಕೆ ಶಹಬ್ಬಾಸ್. ಈ ಸಲ ನಾನು ಬಚ್ಚಲುಮನೆ ಬಾಗಿಲ ಹೊರಗೆ ನಿಂತು ಸುತ್ತು ಎಣಿಸಿದೆ. ಅದೂ ನೆಗೆಟಿವ್ ಬಂತು.

ತೆಗೆದುಕೊಳ್ಳುವವರು ಒಂದು ತಿಳಿದಿರಿ. ಪಾಸಿಟಿವ್ ಬಂದರೆ ಕ್ಯಾನ್ಸರ್ ಅಂತಲ್ಲ, ಆದರೆ ಆಸ್ಪತ್ರೆಗೆ ಹೋಗಲೇಬೇಕು. 16 ಅಥವಾ 18 ಅನ್ನುವ ತಳಿ ಕಂಡರೆ ಕಾಲ್ಪೊಸ್ಕೊಪಿ, ಅಂದರೆ ಗರ್ಭಕಂಠವನ್ನು ದೊಡ್ಡದಾಗಿ ತೋರಿಸುವ ಉಪಕರಣದಿಂದ ಪರೀಕ್ಷೆ, ಮಾಡಿ ನೋಡುತ್ತಾರೆ, 100ರಲ್ಲಿ 70ರಷ್ಟು ಗರ್ಭಕಂಠದ ಕ್ಯಾನ್ಸರ್‌ಗೆ ಈ ಎರಡೇ ಕಾರಣ. ಯಾವ ಡಾಕ್ಟರ್ ಹತ್ತಿರ ಹೋಗುವುದು ಅಂತ ಮೊದಲೇ ಗೊತ್ತು ಮಾಡಿಕೊಂಡು ಆಮೇಲೆ ಆರ್ಡರ್ ಮಾಡಿ. ದುಡ್ಡು ಜಾಸ್ತಿ ಅನಿಸಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ವಿಐಎ ಇದೆಯಾ ಕೇಳಿ. ಗರ್ಭಕಂಠಕ್ಕೆ ನೀರು ಬೆರೆಸಿ ತೆಳುವಾಗಿಸಿದ ಅಸಿಟಿಕ್ ಆಸಿಡ್ ಹಚ್ಚಿ, ಬೆಳ್ಳಗಾಗುತ್ತದಾ ಅಂತ ನೋಡುವ ಪರೀಕ್ಷೆ ಅದು.

ಕಿಟ್‌ಗೆ ಐದರಲ್ಲಿ ನಾಲ್ಕು, ರಿಪೋರ್ಟ್‌ಗೆ ಎರಡು. ಫಾರಂಗೆ ಒಂದು, ಅದೂ ಹಾಳೆ ದಪ್ಪಗಿತ್ತು ಅಂತ. ಎರಡನೇ ಡಬ್ಬಿಯಲ್ಲೂ ಅದೇ ಫಾರಂ ಇತ್ತು. ಅತ್ತಿಗೆ ಅದರ ಹಿಂದೆ ಹಾಲಿನ ಲೆಕ್ಕ ಬರೆದಿಟ್ಟುಕೊಂಡಿದ್ದಾರೆ.