ಕೇಳಿದ ಅಳತೆ, ಕೊಟ್ಟ ಅಳತೆ: ಒಂದು ಎಐ ವಿಡಿಯೋ ಅಪ್‌ಸ್ಕೇಲಿಂಗ್ ತಂತ್ರಾಂಶದ ವಿಮರ್ಶೆ

ಹಳೆಯ ವಿಡಿಯೋಗಳನ್ನು ಎಐ ನೆರವಿನಿಂದ ದೊಡ್ಡದಾಗಿಸುವ ತಂತ್ರಾಂಶವೊಂದನ್ನು ಹಣ ಕೊಟ್ಟು ಕೊಂಡು ನಾಲ್ಕು ತಿಂಗಳಿನಿಂದ ಬಳಸುತ್ತಿದ್ದೇನೆ. ಅದರ ಹೆಸರನ್ನು ಬೇಕೆಂದೇ ಹೇಳುತ್ತಿಲ್ಲ. ಕೆಳಗೆ ಬರುವ ತೊಡಕುಗಳಲ್ಲಿ ಹೆಚ್ಚಿನವು ಇದೇ ಬಗೆಯ ಬೇರೆ ತಂತ್ರಾಂಶಗಳಲ್ಲಿಯೂ ಒಂದಲ್ಲ ಒಂದು ರೂಪದಲ್ಲಿ ಎದುರಾಗುವಂಥವು. ಚಿತ್ರದ ಗುಣಮಟ್ಟದ ಬಗ್ಗೆ ನನಗೆ ದೂರು ಕಡಿಮೆ. ಬಟ್ಟೆಯ ನೇಯ್ಗೆ, ಕೂದಲಿನ ಎಳೆ, ಫಲಕದ ಮೇಲಿನ ಅಕ್ಷರಗಳ ಅಂಚು ಇವೆಲ್ಲವನ್ನೂ ಅದು ಅತಿರೇಕಕ್ಕೆ ಹೋಗದೆ ತಿದ್ದುತ್ತದೆ. ನನ್ನ ತಕರಾರು ಇರುವುದು ಅಳತೆಯ ವಿಷಯದಲ್ಲಿ. ನಾವು ಕೇಳಿದ ರೆಸಲ್ಯೂಶನ್ (ಅಗಲ ಮತ್ತು ಎತ್ತರದಲ್ಲಿರುವ ಪಿಕ್ಸೆಲ್‌ಗಳ ಎಣಿಕೆ) ಒಂದು, ಕೈಗೆ ಬರುವ ಫೈಲಿನ ರೆಸಲ್ಯೂಶನ್ ಇನ್ನೊಂದು. ನಡುವೆ ಏನು ನಡೆಯಿತೆಂಬುದನ್ನು ತಂತ್ರಾಂಶ ಬಾಯಿ ಬಿಟ್ಟು ಹೇಳುವುದಿಲ್ಲ.

ಮೊದಲ ಪೆಟ್ಟು ಬಿದ್ದದ್ದು ಮನೆಯ ಹಳೆಯ ಡಿವಿಡಿಯೊಂದರಿಂದ. ಪಾಲ್ ಎಂಬ ಟಿವಿ ಪದ್ಧತಿಯ ಆ ಡಿವಿಡಿಯಲ್ಲಿ ಪ್ರತಿ ಫ್ರೇಮಿನ ಅಳತೆ 720×576. ನಾಲ್ಕು ಪಟ್ಟು ಎಂದು ಆಯ್ಕೆ ಮಾಡಿ ರಾತ್ರಿಯಿಡೀ ಓಡಲು ಬಿಟ್ಟೆ. ಬೆಳಗ್ಗೆ ನೋಡಿದರೆ 2880×2304 ಅಳತೆಯ ಫೈಲು ಸಿದ್ಧವಾಗಿತ್ತು, ಆದರೆ ಅದರಲ್ಲಿದ್ದ ಎಲ್ಲರ ಮುಖಗಳೂ ತುಸು ಕೃಶವಾಗಿ ಉದ್ದವಾಗಿದ್ದವು. ಗುಣಾಕಾರದಲ್ಲಿ ತಪ್ಪಿಲ್ಲ, ತಪ್ಪಿರುವುದು ಪಿಕ್ಸೆಲ್‌ನ ಆಕಾರದಲ್ಲಿ. ಡಿವಿಡಿಯ ಪಿಕ್ಸೆಲ್ ಚೌಕವಲ್ಲ. 4:3 ಚಿತ್ರದ ಪಾಲ್ ಡಿವಿಡಿಯಲ್ಲಿ ಅದರ ಅಗಲ ಮತ್ತು ಎತ್ತರದ ಪ್ರಮಾಣ 16:15 ಆಗಿರುವುದರಿಂದ, ಪ್ಲೇಯರ್ ಆ 720 ಪಿಕ್ಸೆಲ್‌ಗಳನ್ನು 768ರಷ್ಟು ಅಗಲಕ್ಕೆ ಹಿಗ್ಗಿಸಿ ತೋರಿಸುತ್ತದೆ. ಈ ಸೂಚನೆ ಚಿತ್ರದೊಳಗೆ ಇರುವುದಿಲ್ಲ, ಫೈಲಿನ ವಿವರಗಳಲ್ಲಿ ಒಂದು ಸಣ್ಣ ಟಿಪ್ಪಣಿಯಾಗಿ ಇರುತ್ತದೆ. ನಾನು ಕೊಂಡ ತಂತ್ರಾಂಶ ಆ ಟಿಪ್ಪಣಿಯನ್ನು ಓದದೆ, ಪಿಕ್ಸೆಲ್‌ಗಳೆಲ್ಲ ಚೌಕವೆಂದು ಭಾವಿಸಿ ಹೊಸ ಫೈಲನ್ನು ಬರೆದಿತ್ತು.

ಇದಕ್ಕೆ ಪರಿಹಾರ ಸುಲಭವಾಗಿಯೇ ಸಿಕ್ಕಿತು, ಅದೂ ಕಾಕತಾಳೀಯವಾಗಿ. 2160 ಸಾಲುಗಳ ಎತ್ತರಕ್ಕೆ 4:3 ಪ್ರಮಾಣದ ಅಗಲವೆಂದರೆ ಸರಿಯಾಗಿ 2880. ಅಂದರೆ ನನ್ನ ಫೈಲಿನಲ್ಲಿ ಅಗಲ ಆಗಲೇ ಸರಿಯಿತ್ತು. ಎತ್ತರದಲ್ಲಿ ಮಾತ್ರ 144 ಸಾಲುಗಳು ಹೆಚ್ಚಾಗಿದ್ದವು. ಎಫ್‌ಎಫ್‌ಎಂಪೆಗ್ ಎಂಬ ಉಚಿತ ವಿಡಿಯೋ ಸಾಧನದಲ್ಲಿ ಎತ್ತರವನ್ನು 2304ರಿಂದ 2160ಕ್ಕೆ ಇಳಿಸಿ, ಪಿಕ್ಸೆಲ್ ಪ್ರಮಾಣವನ್ನು 1:1 ಎಂದು ಬರೆಸಿದೊಡನೆ ಮುಖಗಳು ಮೊದಲಿನಂತಾದವು. ಅಪ್‌ಸ್ಕೇಲ್ ಮಾಡುವ ಮೊದಲೇ 768×576ಕ್ಕೆ ಹಿಗ್ಗಿಸಿಕೊಳ್ಳಿರೆಂದು ಸಲಹೆ ಕೊಡುವವರಿದ್ದಾರೆ. ನಾನು ಎರಡನ್ನೂ ಮಾಡಿ ನೋಡಿದೆ. ಮೂಲ ಪಿಕ್ಸೆಲ್‌ಗಳನ್ನು ಕಲಕದೆ ಮಾಡೆಲ್‌ಗೆ, ಅಂದರೆ ಹಿಗ್ಗಿಸುವ ಎಐಗೆ, ಕೊಟ್ಟು ಕೊನೆಯಲ್ಲಿ ಕುಗ್ಗಿಸಿದ ಚಿತ್ರವೇ ನನ್ನ ಕಣ್ಣಿಗೆ ಹೆಚ್ಚು ಚೊಕ್ಕವಾಗಿ ಕಂಡಿತು. ಫೈಲಿನ ಪಿಕ್ಸೆಲ್‌ಗಳು ಚೌಕವೋ ಅಲ್ಲವೋ ಎಂದು ತಿಳಿಯಲು ಮೀಡಿಯಾಇನ್ಫೋ ಎಂಬ ಉಚಿತ ಸಾಧನ ಸಾಕು. ಅಗಲವನ್ನು ಎತ್ತರದಿಂದ ಭಾಗಿಸಿದಾಗ ಬರುವ ಸಂಖ್ಯೆಗೂ ಅದು ತೋರಿಸುವ ಡಿಸ್‌ಪ್ಲೇ ಪ್ರಮಾಣಕ್ಕೂ ತಾಳೆಯಾಗದಿದ್ದರೆ ಪಿಕ್ಸೆಲ್ ಚೌಕವಲ್ಲ ಎಂದೇ ಅರ್ಥ. ಟೇಪಿನ ಕಾಲದ ಎಚ್‌ಡಿವಿ ಕ್ಯಾಮೆರಾಗಳ 1440×1080 ಫೈಲುಗಳಲ್ಲಿಯೂ ಇದೇ ಕಥೆ. ಅವು ತೆರೆಯ ಮೇಲೆ ಕಾಣಬೇಕಾದದ್ದು 1920×1080 ಆಗಿ.

ಸಹಾಯವಾಣಿಗೆ ಬರೆದಾಗ ಗ್ರಾಫಿಕ್ಸ್ ಕಾರ್ಡಿನ ಡ್ರೈವರನ್ನು ಹೊಸದಾಗಿ ಹಾಕಿಕೊಳ್ಳಿ ಎಂಬ ಉತ್ತರ ಬಂತು. ಡ್ರೈವರಿಗೂ ಇದಕ್ಕೂ ಸಂಬಂಧವಿಲ್ಲ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು, ಮತ್ತು ಈ ತಂತ್ರಾಂಶದ ಬಗ್ಗೆ ನನಗಿರುವ ಮುಖ್ಯ ಆಕ್ಷೇಪವೂ ಇದೇ. 1280×720 ಅಳತೆಯ ವಿಡಿಯೋವನ್ನು 4ಕೆಗೆ, ಅಂದರೆ 3840×2160ಕ್ಕೆ, ಒಯ್ಯಬೇಕಾದರೆ ಮೂರು ಪಟ್ಟು ಹಿಗ್ಗಿಸಬೇಕು. ಆದರೆ ಎಐ ಮಾಡೆಲ್‌ಗಳನ್ನು ಸಾಮಾನ್ಯವಾಗಿ ಎರಡು ಪಟ್ಟು, ನಾಲ್ಕು ಪಟ್ಟು ಎಂಬ ನಿಗದಿತ ಗುಣಕಗಳಿಗೆ ತರಬೇತಿ ಕೊಟ್ಟು ಸಿದ್ಧಪಡಿಸಿರುತ್ತಾರೆ. 2021ರಲ್ಲಿ ಹೊರಬಂದ ರಿಯಲ್-ಇಎಸ್‌ಆರ್‌ಗ್ಯಾನ್ ಎಂಬ ಉಚಿತ ಅಪ್‌ಸ್ಕೇಲಿಂಗ್ ಸಾಧನದ ಪ್ರಮುಖ ಮಾಡೆಲ್ ನಾಲ್ಕು ಪಟ್ಟಿನದು. ಬೇರೆ ಅಳತೆ ಕೇಳಿದರೆ ಮೊದಲು ನಾಲ್ಕು ಪಟ್ಟು ಮಾಡಿ, ಬಳಿಕ ಬೇಕಾದ ಅಳತೆಗೆ ಇಳಿಸಿಕೊಡುತ್ತದೆ. ಹೀಗೆ 720ರ ವಿಡಿಯೋ 5120×2880ಕ್ಕೆ ಏರಿ 3840×2160ಕ್ಕೆ ಇಳಿದರೆ ತಕರಾರಿಲ್ಲ, ಸಮಯ ಮಾತ್ರ ಹೆಚ್ಚು ಹಿಡಿಯುತ್ತದೆ. ನನ್ನ ತಂತ್ರಾಂಶ ವೇಗದ ಆಸೆಗೆ ಬಿದ್ದು ಉಲ್ಟಾ ದಾರಿ ಹಿಡಿದಿತ್ತು: ಎರಡು ಪಟ್ಟಿನ ಮಾಡೆಲ್‌ನಿಂದ 2560×1440 ಮಾಡಿ, ಉಳಿದ ಒಂದೂವರೆ ಪಟ್ಟನ್ನು ಯಾವುದೇ ಎಡಿಟಿಂಗ್ ತಂತ್ರಾಂಶ ಮಾಡುವ ಸಾಧಾರಣ ಹಿಗ್ಗಿಸುವಿಕೆಯಿಂದ ತುಂಬಿತ್ತು. ಫೈಲಿನ ವಿವರದಲ್ಲಿ 3840×2160 ಎಂದೇ ಇತ್ತು. ಆದರೆ ಅದರಲ್ಲಿದ್ದ ಸೂಕ್ಷ್ಮ ವಿವರ 1440ರ ಮಟ್ಟದ್ದು.

ಇದನ್ನು ನಾನು ಪತ್ತೆ ಹಚ್ಚಿದ್ದು ತಂತ್ರಾಂಶ ತನ್ನ ಕೆಲಸದ ಹಂತಗಳನ್ನು ದಾಖಲಿಸುವ ಲಾಗ್ ಫೈಲನ್ನು ತೆರೆದು ಓದಿದ ಮೇಲೆ. ಲಾಗ್ ಸಿಗದವರಿಗೂ ಒಂದು ದಾರಿಯಿದೆ. ಅದೇ ವಿಡಿಯೋದ ಹತ್ತು ಸೆಕೆಂಡುಗಳನ್ನು ಎರಡು ಪಟ್ಟಿಗೆ ಒಮ್ಮೆ, 4ಕೆಗೆ ಒಮ್ಮೆ ಹೊರತೆಗೆದು, ಎರಡು ಪಟ್ಟಿನದನ್ನು ತಾವೇ 3840×2160ಕ್ಕೆ ಹಿಗ್ಗಿಸಿ, ಎರಡೂ ಫ್ರೇಮುಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ವ್ಯತ್ಯಾಸವೇ ಕಾಣದಿದ್ದರೆ ಕೊನೆಯ ಹಂತದಲ್ಲಿ ಎಐ ಕೆಲಸ ಮಾಡಿಲ್ಲ. ಈಗ ನಾನು 4ಕೆ ಎಂಬ ಸಿದ್ಧ ಆಯ್ಕೆಯನ್ನು ಮುಟ್ಟುವುದೇ ಇಲ್ಲ. ಗುಣಕವನ್ನು ನಾಲ್ಕು ಎಂದು ಕೊಟ್ಟು, ಇಳಿಸುವ ಕೆಲಸವನ್ನು ಕೈಯಾರೆ ಮಾಡಿಕೊಳ್ಳುತ್ತೇನೆ.

ಇನ್ನು 4ಕೆ ಆಯ್ಕೆಯ ಬಗ್ಗೆ ಕೇಳಿಬರುವ ದೂರುಗಳಲ್ಲಿ ಒಂದು ನಿಜವಾದ ದೂರೇ ಅಲ್ಲ. ಸಿನಿಮಾ ಪ್ರಮಾಣದ 1920×800 ವಿಡಿಯೋ ಎರಡು ಪಟ್ಟಾದಾಗ 3840×1600 ಆಗುತ್ತದೆ, ಮತ್ತು ಅದು ಹಾಗೆಯೇ ಆಗಬೇಕು. 2160 ಬರಲಿಲ್ಲವೆಂದು ಬೇಸರಪಟ್ಟು ಚೌಕಟ್ಟು ತುಂಬಿಸುವ ಆಯ್ಕೆಯನ್ನು ಒತ್ತಿದರೆ ಎಡ ಬಲದ ಅಂಚುಗಳು ಕತ್ತರಿಸಿ ಹೋಗುತ್ತವೆ, ಇಲ್ಲವೇ ಮೇಲೆ ಕೆಳಗೆ ಕಪ್ಪು ಪಟ್ಟಿಗಳು ಸುಮ್ಮನೆ ಸೇರಿಕೊಳ್ಳುತ್ತವೆ. ಮೊಬೈಲಿನಲ್ಲಿ ನಿಲ್ಲಿಸಿ ಹಿಡಿದು ತೆಗೆದ ವಿಡಿಯೋಗಳದು ಮಾತ್ರ ನಿಜವಾದ ತೊಂದರೆ. ಎಷ್ಟೋ ಫೋನುಗಳು ಅವನ್ನು ಒಳಗೆ 1920×1080 ಎಂದೇ ಬರೆದು, ತಿರುಗಿಸಿ ತೋರಿಸಿ ಎಂಬ ಸೂಚನೆಯನ್ನು ಪಕ್ಕದಲ್ಲಿ ಸೇರಿಸಿರುತ್ತವೆ. ಈ ತಂತ್ರಾಂಶ ಆ ಸೂಚನೆಯನ್ನು ಓದುತ್ತದೆ, ಆದರೆ 4ಕೆ ಎಂದರೆ ಅಡ್ಡ ಚೌಕಟ್ಟೇ ಎಂದು ಹಟ ಹಿಡಿಯುತ್ತದೆ. ಪರಿಣಾಮವಾಗಿ 2160×3840 ಆಗಬೇಕಾದ ಚಿತ್ರ ಸುಮಾರು 1215 ಪಿಕ್ಸೆಲ್ ಅಗಲದ ಸಪೂರ ಪಟ್ಟಿಯಾಗಿ, ಎರಡೂ ಬದಿಗೆ ಕತ್ತಲೆಯನ್ನು ಹೊತ್ತು ಬರುತ್ತದೆ. ಇಲ್ಲಿಯೂ ಗುಣಕವನ್ನು ಕೊಡುವುದೇ ಮದ್ದು.

ಬೆಸ ಸಂಖ್ಯೆಯ ಕಾಟವನ್ನೂ ಹೇಳಬೇಕು. ಸಾಮಾನ್ಯ ವಿಡಿಯೋಗಳಲ್ಲಿ ಬಣ್ಣದ ಮಾಹಿತಿಯನ್ನು 4:2:0 ಪದ್ಧತಿಯಲ್ಲಿ, ಅಂದರೆ ಎರಡೆರಡು ಪಿಕ್ಸೆಲ್ ಅಗಲ ಎತ್ತರದ ಗುಂಪಿಗೆ ಒಂದರಂತೆ ಉಳಿಸುವುದರಿಂದ ಅಗಲವೂ ಎತ್ತರವೂ ಸಮ ಸಂಖ್ಯೆಗಳಾಗಿರಬೇಕು. 854×480 ವಿಡಿಯೋವನ್ನು ಒಂದೂವರೆ ಪಟ್ಟು ಮಾಡಿದರೆ 1281×720 ಬರುತ್ತದೆ, ವಿಡಿಯೋವನ್ನು ಸಂಕುಚಿಸಿ ಫೈಲಾಗಿಸುವ ಎನ್‌ಕೋಡರ್ ಅದನ್ನು ಒಪ್ಪುವುದಿಲ್ಲ. ಆಗ ತೆರೆಯ ಮೇಲೆ ಕಾಣುವುದು ಎಕ್ಸ್‌ಪೋರ್ಟ್ ವಿಫಲ ಎಂಬ ಒಂದು ಸಾಲು ಮತ್ತು ಯಾರಿಗೂ ಅರ್ಥವಾಗದ ಒಂದು ಅಂಕಿ. 1280 ಎಂದು ಕೈಯಾರೆ ಬರೆದರೆ ಎಲ್ಲವೂ ಸುಸೂತ್ರ. ಇದೇ ಅಂಕಿ 5120×2880ರ ಫೈಲನ್ನು ಎಚ್.264 ಎಂಬ ಸಂಕುಚನ ಪದ್ಧತಿಯಲ್ಲಿ ಉಳಿಸಲು ಹೋದಾಗಲೂ ಬಂತು. ಆದರೆ ಕಾರಣ ಬೇರೆ. ಬಹುತೇಕ ಎನ್‌ವಿಡಿಯಾ ಕಾರ್ಡುಗಳೊಳಗಿನ ಎಚ್.264 ಎನ್‌ಕೋಡರಿಗೆ 4096 ಪಿಕ್ಸೆಲ್ ಅಗಲವೇ ಗಡಿ. ಅದಕ್ಕಿಂತ ದೊಡ್ಡ ಚಿತ್ರಕ್ಕೆ ಎಚ್.265 ಆರಿಸಿಕೊಳ್ಳಬೇಕು. ಎರಡು ಬೇರೆ ಬೇರೆ ರೋಗಗಳಿಗೆ ಒಂದೇ ಹೆಸರಿಟ್ಟಿರುವ ವೈದ್ಯನನ್ನು ನಂಬುವುದು ಹೇಗೆ?

ಗ್ರಾಫಿಕ್ಸ್ ಕಾರ್ಡಿನ ಮೆಮೊರಿ ಕಡಿಮೆಯಿದ್ದರೆ ರೆಸಲ್ಯೂಶನ್ ತಾನಾಗಿ ಕುಗ್ಗುತ್ತದೆಂಬ ಅನುಮಾನ ನನಗೂ ಇತ್ತು. ಹಾಗೇನೂ ಆಗುವುದಿಲ್ಲ. ತಂತ್ರಾಂಶ ಫ್ರೇಮನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ ಒಂದೊಂದನ್ನೇ ಸಂಸ್ಕರಿಸಿ ಮತ್ತೆ ಜೋಡಿಸುತ್ತದೆ. ಕೆಲಸ ನಿಧಾನವಾಗುತ್ತದೆ ಅಷ್ಟೆ. ಅದರ ಜೋಡಣೆ ಅಚ್ಚುಕಟ್ಟಾಗಿದೆ, ಹೊಲಿಗೆಯ ಗೆರೆಗಳು ನನಗೆಲ್ಲಿಯೂ ಕಾಣಲಿಲ್ಲ.

ಅಳತೆಯ ಅಂಕಿಗಳಲ್ಲಿ ಎಂದೂ ಕಾಣದ ನಷ್ಟವೊಂದಿದೆ, ಅದು ಇಂಟರ್‌ಲೇಸ್ (ಸಾಲು ಬಿಟ್ಟು ಸಾಲು ಸೆರೆಹಿಡಿದ) ವಿಡಿಯೋಗಳದು. ನನ್ನ ಡಿವಿಡಿಯ 576 ಸಾಲುಗಳು 288 ಸಾಲುಗಳ ಎರಡು ಫೀಲ್ಡುಗಳಾಗಿ, ಎರಡು ಬೇರೆ ಕ್ಷಣಗಳಲ್ಲಿ ಸೆರೆಯಾದವು. ಅವನ್ನು ಬಿಡಿಸದೆ ಅಪ್‌ಸ್ಕೇಲ್ ಮಾಡಿದರೆ ಚಲಿಸುವ ಕೈಯ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂಥ ಗೆರೆಗಳು ಮೂಡುತ್ತವೆ, ಮತ್ತು ಎಐ ಅವನ್ನೂ ನಿಜವಾದ ವಿವರವೆಂದು ತಿಳಿದು ಮುತುವರ್ಜಿಯಿಂದ ತೀಡುತ್ತದೆ. ತಂತ್ರಾಂಶದೊಳಗಿನ ಡಿಇಂಟರ್‌ಲೇಸ್ ಆಯ್ಕೆಯನ್ನು ಒತ್ತಿದಾಗ ಹಲ್ಲುಗಳು ಮಾಯವಾದವು, ಆದರೆ ಚಿತ್ರ ಮಂಕಾಯಿತು. ಅದರ ವೇಗದ ವಿಧಾನ ಒಂದು ಫೀಲ್ಡನ್ನು ಪೂರ್ತಿ ಎಸೆದು, ಉಳಿದ 288 ಸಾಲುಗಳಿಂದಲೇ ಇಡೀ ಚಿತ್ರವನ್ನು ಕಟ್ಟುತ್ತಿತ್ತು. 2304 ಸಾಲುಗಳ ಫೈಲಿಗೆ 288 ಸಾಲುಗಳ ಬಂಡವಾಳ. ಎಫ್‌ಎಫ್‌ಎಂಪೆಗ್‌ನ ಬಿಡಬ್ಲ್ಯೂಡಿಐಎಫ್ ಎಂಬ ಫಿಲ್ಟರಿನಿಂದ ಮೊದಲೇ ಡಿಇಂಟರ್‌ಲೇಸ್ ಮಾಡಿ, ಎರಡೂ ಫೀಲ್ಡುಗಳನ್ನು ಉಳಿಸಿಕೊಂಡು, ಸೆಕೆಂಡಿಗೆ 50 ಫ್ರೇಮುಗಳ ವಿಡಿಯೋವನ್ನು ಮಾಡೆಲ್‌ಗೆ ಕೊಟ್ಟ ಮೇಲೆ ಬಂದ ಚಿತ್ರಕ್ಕೂ ಹಿಂದಿನದಕ್ಕೂ ಅಜಗಜಾಂತರವಿತ್ತು. ಸಮಯ ದುಪ್ಪಟ್ಟಾಯಿತು, ಅದಕ್ಕೆ ನನ್ನ ಬೇಸರವಿಲ್ಲ.

ಅಂದ ಹಾಗೆ, ಪ್ರಿವ್ಯೂ ಕಿಟಕಿಯಲ್ಲಿ ಕಾಣುವುದನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಅದು ಚಿತ್ರವನ್ನು ಕಿಟಕಿಯ ಅಳತೆಗೆ ಕುಗ್ಗಿಸಿ ತೋರಿಸುತ್ತದೆ. 1920×1080ರ ಮಾನಿಟರಿನಲ್ಲಿ ಪೂರ್ತಿ ತೆರೆಯಲ್ಲಿ ನೋಡಿದರೂ 4ಕೆ ಫೈಲಿನ ನಾಲ್ಕು ಪಿಕ್ಸೆಲ್‌ಗಳ ಜಾಗದಲ್ಲಿ ಒಂದೇ ಕಾಣುತ್ತದೆ.

ಐದರಲ್ಲಿ ಮೂರು ಅಂಕ ಕೊಡುತ್ತೇನೆ, ಮೂರೂ ಅದರ ಮಾಡೆಲ್‌ಗೆ ಸಲ್ಲಬೇಕು. ಚೌಕ ಪಿಕ್ಸೆಲ್‌ಗಳ, ಇಂಟರ್‌ಲೇಸ್ ಅಲ್ಲದ, ಅಡ್ಡವಾಗಿ ತೆಗೆದ 1080ರ ವಿಡಿಯೋಗಳನ್ನಷ್ಟೇ 4ಕೆ ಮಾಡುವವರಿಗೆ ಇಲ್ಲಿ ಹೇಳಿದ ಯಾವ ತೊಡಕೂ ಎದುರಾಗದು. ಗುಣಕ ಎರಡು, ಅಳತೆ ತಾನಾಗಿ ಕೂಡಿಬರುತ್ತದೆ. ಡಿವಿಡಿ, ಟೇಪುಗಳನ್ನು ಉಳಿಸಿಕೊಳ್ಳಲು ಹೊರಟವರು ಮಾತ್ರ ಪ್ರಾಯೋಗಿಕ ಆವೃತ್ತಿಯಲ್ಲಿ ತಮ್ಮದೇ ವಿಡಿಯೋದ ಹತ್ತು ಸೆಕೆಂಡುಗಳನ್ನು ಹೊರತೆಗೆದು, ಮೀಡಿಯಾಇನ್ಫೋದಲ್ಲಿ ಅಗಲ, ಎತ್ತರ, ಡಿಸ್‌ಪ್ಲೇ ಪ್ರಮಾಣ ಈ ಮೂರನ್ನೂ ಓದಿದ ಮೇಲೆಯೇ ಹಣ ಕಟ್ಟಬೇಕು. ಹಿಂದಿನ ವಾರ ಬಂದ ಹೊಸ ಆವೃತ್ತಿಯಲ್ಲಿ ಅಳತೆಯನ್ನು ಮೊದಲೇ ತೋರಿಸುವ ಪೆಟ್ಟಿಗೆಯೊಂದನ್ನು ಸೇರಿಸಿದ್ದಾರೆ. ನನ್ನ ಡಿವಿಡಿಯನ್ನು ಮತ್ತೆ ಹಾಕಿ ನೋಡಿದೆ: 2880×2304 ಎಂದು ಅದು ಈಗ ಮುಂಚಿತವಾಗಿಯೇ ತೋರಿಸುತ್ತದೆ.