ಮಾಮೂಲ್‌ಪೇಟೆಯಲ್ಲಿ ಹೇರ್ ಕಲರ್ ಕೊಳ್ಳುವ ಮುಂಚೆ ಟ್ಯೂಬಿನ ಬಾಲ ನೋಡಿ

ಬೆಂಗಳೂರಿನಲ್ಲಿ ಪಾರ್ಲರ್ ಸಾಮಾನು ಬೇಕೆಂದರೆ ಚಿಕ್ಕಪೇಟೆ, ಮಾಮೂಲ್‌ಪೇಟೆಯ ಹೋಲ್‌ಸೇಲ್ ಗಲ್ಲಿಗಳಿಗೇ ಹೋಗಬೇಕು. ಚಿಕ್ಕಪೇಟೆ ಮೆಟ್ರೊ ನಿಲ್ದಾಣದಲ್ಲಿ ಇಳಿದು ನಡೆದುಬಿಡುವುದು ವಾಸಿ, ಗಾಡಿ ತಂದರೆ ನಿಲ್ಲಿಸಲು ಜಾಗ ಹುಡುಕುವುದೇ ಒಂದು ಕೆಲಸ. ಭಾನುವಾರ ಹೆಚ್ಚಿನ ಅಂಗಡಿಗಳ ಬಾಗಿಲು ಹಾಕಿರುತ್ತದೆ. ಮದುವೆ ಸೀಸನ್ನಿನ ಸಂಜೆ ಕೌಂಟರಿನಲ್ಲಿ ಯಾರಿಗೂ ಪುರುಸೊತ್ತಿರುವುದಿಲ್ಲ. ವಾರದ ನಡುವೆ, ಅಂಗಡಿ ತೆಗೆಯುವ ಹೊತ್ತಿಗೇ ಹೋದರೆ ಒಂದೊಂದು ಟ್ಯೂಬನ್ನೂ ಕೈಗೆತ್ತಿಕೊಂಡು ನೋಡಲು ಬಿಡುತ್ತಾರೆ. ಈ ಪೇಟೆಯ ನಿಜವಾದ ಲಾಭ ಅದು, ಎಂಆರ್‌ಪಿ ಮೇಲೆ ಸಿಗುವ ಕಡಿತ ಆಮೇಲಿನದು.

ಕಲರ್ ಬಟ್ಟಲು, ಬ್ರಷ್, ಫಾಯಿಲ್, ಕ್ಲಿಪ್ಪು, ಬಾಲದ ಬಾಚಣಿಗೆ ಇವನ್ನೆಲ್ಲ ಕಣ್ಣು ಮುಚ್ಚಿ ತರಬಹುದು. ಡಜನ್ ಲೆಕ್ಕದಲ್ಲಿ ಕೊಂಡಷ್ಟೂ ಅಗ್ಗ. ಕಣ್ಣು ತೆರೆದಿರಬೇಕಾದದ್ದು ಕಲರ್ ಟ್ಯೂಬಿನ ವಿಷಯದಲ್ಲಿ. ಡಬ್ಬದ ಮೇಲಿನ ಬ್ಯಾಚ್ ನಂಬರನ್ನು ಓದಿಕೊಂಡು ಟ್ಯೂಬನ್ನು ಹೊರಗೆ ತೆಗೆಯಿರಿ. ಅಲ್ಯೂಮಿನಿಯಂ ಟ್ಯೂಬಿನ ಮಡಚಿದ ಬಾಲದಲ್ಲಿ ಒತ್ತಿದ ಅಕ್ಷರಗಳಿರುತ್ತವೆ. ಬೆಳಕಿಗೆ ಓರೆ ಹಿಡಿದರೆ ಕಾಣುತ್ತವೆ, ಉಗುರಿಗೂ ಸಿಗುತ್ತವೆ. ಎರಡೂ ತಾಳೆಯಾಗಬೇಕು. ಆಗದಿದ್ದರೆ ಆ ಡಬ್ಬ ಒಮ್ಮೆ ಯಾರದೋ ಕೈಯಲ್ಲಿ ತೆರೆದು, ಬೇರೆ ಟ್ಯೂಬು ಒಳಗೆ ಸೇರಿದೆ ಎಂದೇ ತಿಳಿಯಬೇಕು. ಬಾಯಿಯ ಲೋಹದ ಪೊರೆಗೆ ತೂತು ಬಿದ್ದಿರಬಾರದು. ಗಾಳಿ ಹೊಕ್ಕ ಕ್ರೀಮು ಬಾಯಿಯ ಹತ್ತಿರ ಕಾಫಿ ಬಣ್ಣಕ್ಕೆ ತಿರುಗುತ್ತದೆ. ಅಂಥದ್ದನ್ನು ಹಚ್ಚಿದರೆ ಬಿಳಿಕೂದಲು ಅರ್ಧಂಬರ್ಧ ಹಿಡಿಯುತ್ತದೆ.

ಶೇಡ್ ಪುಸ್ತಕದಲ್ಲಿರುವ ಗೊಂಚಲು ನೋಡಿ ಮಾರುಹೋಗಬೇಡಿ. ಅದು ಬಿಳಿ ಎಳೆಯ ಮೇಲೆ ಕೂರಿಸಿದ ಬಣ್ಣ, ನಮ್ಮ ಕಪ್ಪು ಕೂದಲಿನ ಮೇಲೆ ಹಾಗೆ ಬರುವುದಿಲ್ಲ. 5.4ರಂಥ ಶೇಡ್ ನಂಬರಿನಲ್ಲಿ ಚುಕ್ಕಿಯ ಎಡಕ್ಕಿರುವ ಅಂಕಿ ಗಾಢತೆ: 1 ಕಪ್ಪು, 3 ಗಾಢ ಕಂದು, 5 ತಿಳಿ ಕಂದು. ಚುಕ್ಕಿಯ ಬಲಕ್ಕಿರುವುದು ಛಾಯೆ, ಮತ್ತು ಇಲ್ಲೇ ಜನ ಎಡವುವುದು. ಲೋರಿಯಾಲ್‌ನಲ್ಲಿ 4 ಎಂದರೆ ತಾಮ್ರ, ವೆಲ್ಲಾದಲ್ಲಿ ಅದೇ 4 ಕೆಂಪು. ಇಗೋರಾದಲ್ಲಿ ತಾಮ್ರಕ್ಕೆ 7, ಕೆಂಪಿಗೆ 8. ‘ಅದೇ ನಂಬರ್, ಬೇರೆ ಕಂಪನಿದು ಕೊಡ್ತೀನಿ’ ಎಂದರೆ ಒಪ್ಪಬೇಡಿ. ಬಿಳಿಕೂದಲು ಅರ್ಧಕ್ಕಿಂತ ಹೆಚ್ಚಿದ್ದರೆ 5.4ರಂಥ ಛಾಯೆ ಒಂದೇ ಸಾಲದು. ಅರ್ಧ ಬರೀ 5, ಅರ್ಧ 5.4 ಬೆರೆಸಬೇಕು.

ಕಲರ್ ಕ್ರೀಮಿಗೆ ಕಲಸುವ ಡೆವಲಪರ್ ಎಂದರೆ ಹೈಡ್ರೋಜನ್ ಪೆರಾಕ್ಸೈಡ್. 10 ವಾಲ್ಯೂಮ್ ಎಂದರೆ ಶೇ 3, 20 ಎಂದರೆ ಶೇ 6, 30 ಶೇ 9, 40 ಶೇ 12. ಬಿಳಿಕೂದಲು ಮುಚ್ಚಲು ಬೇಕಾದದ್ದು 20. ‘ಸ್ಟ್ರಾಂಗ್ ಇರೋದು ಕೊಡಿ’ ಎಂದು ಕೇಳಿದರೆ 40ರ ಬಾಟಲಿ ಕೈಗೆ ಬರುತ್ತದೆ. ಅದರಿಂದ ಬಿಳಿಕೂದಲು ಹೆಚ್ಚು ಮುಚ್ಚುವುದಿಲ್ಲ, ನೆತ್ತಿ ಉರಿಯುತ್ತದೆ ಅಷ್ಟೆ. ಈಗಾಗಲೇ ಕಪ್ಪು ಡೈ ಕುಡಿದ ಕೂದಲನ್ನು ಬರೀ ಕಲರಿನಿಂದ ಕಂದಾಗಿಸಲೂ ಆಗದು, ಹೊಸ ಬಣ್ಣ ಹಳೇ ಬಣ್ಣವನ್ನು ತೆಗೆಯುವುದಿಲ್ಲ. ಅಳತೆಯೂ ಕಂಪನಿಗೊಂದು. ಲೋರಿಯಾಲ್‌ನ ಮಾಜಿರೆಲ್ 50 ಮಿ.ಲೀ. ಟ್ಯೂಬಿಗೆ 75 ಮಿ.ಲೀ. ಡೆವಲಪರ್, ಇಗೋರಾ ರಾಯಲ್ 60ಕ್ಕೆ 60. ಬುಡಕ್ಕೆ ಮಾತ್ರ ಹಚ್ಚುವುದಾದರೆ ಅರ್ಧ ಟ್ಯೂಬು ಸಾಕು, ಉಳಿದರ್ಧಕ್ಕೆ ಮುಚ್ಚಳ ಬಿಗಿಯಾಗಿ ಹಾಕಿಡಿ. ಕಲಸಿದ್ದನ್ನು ಮಾತ್ರ ಎತ್ತಿಡಬೇಡಿ. ಒಳಗೆ ಆಮ್ಲಜನಕ ಹುಟ್ಟುತ್ತಲೇ ಇರುತ್ತದೆ, ಮುಚ್ಚಿದ ಬಾಟಲಿ ಉಬ್ಬಿ ಸಿಡಿದೀತು. ದೊಡ್ಡ ಕ್ಯಾನಿನಿಂದ ಚಿಕ್ಕ ಬಾಟಲಿಗೆ ಸುರಿದು ಮಾರುವ ಡೆವಲಪರ್ ಅಗ್ಗ ನಿಜ. ಆದರೆ ಬಿಸಿಲು, ಶಾಖ, ಕೊಳೆ ತಗಲಿದಂತೆಲ್ಲ ಅದರ ಕಸುವು ಇಳಿಯುತ್ತದೆ, ಎಷ್ಟು ಇಳಿದಿದೆ ಎಂದು ನೋಡಿ ಹೇಳಲಾಗದು. ಸೀಲ್ ಇರುವ ಬಾಟಲಿಯೇ ಬೇಕು.

ಸಡಿಲ ಮೆಹಂದಿ ಪುಡಿಗೂ ಇದೇ ಮಾತು. ರಾಜಸ್ಥಾನದ ಸೋಜತ್‌ನ ಮೆಹಂದಿಗೆ 2021ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿದೆ. ಆ ಹೆಸರು ಚೀಲದ ಮೇಲಿದ್ದ ಮಾತ್ರಕ್ಕೆ ಒಳಗಿರುವುದು ಅದೇ ಎಂದಲ್ಲ. ಗಾಜಿನ ಲೋಟದ ನೀರಿಗೆ ಚಿಟಿಕೆ ಹಾಕಿ ನೋಡಿ: ತಕ್ಷಣ ಕಡುಹಸಿರು ಹರಡಿದರೆ ಬಣ್ಣ ಬೆರೆತಿದೆ, ತಳದಲ್ಲಿ ಗರಗರ ಎನ್ನುವುದು ಮರಳು. ಒಳ್ಳೆಯ ಪುಡಿ ಒಣಹುಲ್ಲಿನ ವಾಸನೆ ಬೀರುತ್ತದೆ. ಮೆಹಂದಿ ಎಲೆಯ ಬಣ್ಣ ಕೆಂಪು–ಕಿತ್ತಳೆಯೇ ಹೊರತು ಎಂದೂ ಕಪ್ಪಲ್ಲ. ‘ಕಪ್ಪು ಮೆಹಂದಿ’ ಪೊಟ್ಟಣದ ಹಿಂದೆ ಪ್ಯಾರಾ ಫೆನಿಲೀನ್ ಡೈಅಮೀನ್ ಎಂದಿದ್ದರೆ ಅದು ಡೈ. ಪದಾರ್ಥಗಳ ಪಟ್ಟಿಯೇ ಇಲ್ಲದಿದ್ದರೆ ಮುಟ್ಟಲೇಬೇಡಿ. ಬೆಳ್ಳಗಾಗುವ ಕ್ರೀಮುಗಳದೂ ಅಷ್ಟೇ. ವಿದೇಶಿ ಡಬ್ಬದ ಮೇಲೆ ಆಮದುದಾರರ ವಿಳಾಸ, ನೋಂದಣಿ ಸಂಖ್ಯೆ, ರೂಪಾಯಿಯಲ್ಲಿ ಎಂಆರ್‌ಪಿ ಇಲ್ಲವೆಂದರೆ ಒಳಗೆ ಪಾದರಸವೋ ಸ್ಟೀರಾಯ್ಡೋ ಕೇಳುವವರಿಲ್ಲ.

ಮದುಮಗಳ ಜಡೆಗೆ ಬೇಕಾದ ಚೌರಿ, ಕುಚ್ಚುಗಳಿಗೆ ಮಾತ್ರ ಈ ಪೇಟೆಗೆ ಸಾಟಿಯಿಲ್ಲ. ನಿಜ ಕೂದಲಿನ ಚೌರಿ ಎಂದು ಬೆಲೆ ಹೇಳಿದರೆ ಒಂದೆಳೆ ಸುಡಲು ಕೇಳಿ: ಕೂದಲಾದರೆ ಕಮಟು ವಾಸನೆ ಬಂದು ಬೂದಿಯಾಗುತ್ತದೆ, ನೈಲಾನಾದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಬಿಲ್ಲು ಕೇಳಿಯೇ ಪಡೆಯಿರಿ. 2025ರ ಸೆಪ್ಟೆಂಬರ್ 22ರಿಂದ ಶಾಂಪೂ, ಕೂದಲೆಣ್ಣೆಯ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ, ಹಳೇ ದರ ಹಾಕಿದ್ದರೆ ಅಲ್ಲೇ ತೋರಿಸಿ ಕೇಳಬಹುದು. ಒಮ್ಮೆ ತೆರೆದ ಟ್ಯೂಬು ವಾಪಸ್ ಹೋಗುವುದಿಲ್ಲ. ಹಾಗಾಗಿ ಹೊಸ ಕಂಪನಿಯ ಕಲರಾದರೆ ಮೊದಲು ಒಂದೇ ಟ್ಯೂಬು ತನ್ನಿ, ಜೊತೆಗಿರುವ ಚೀಟಿಯಲ್ಲಿ ಹೇಳಿದಂತೆ ಕಿವಿಯ ಹಿಂದೆ ತುಸು ಹಚ್ಚಿ ಒಂದಿಡೀ ದಿನ ಕಾಯಿರಿ. ತುರಿಕೆ, ಕೆಂಪು ಏನೂ ಕಾಣದಿದ್ದರೆ ಡಜನ್ ತರಲು ಮತ್ತೆ ಹೋಗಿ.