ವಿಚ್ಛೇದನದ ಡಿಕ್ರಿಯಿಂದ ಜಂಟಿ ಮನೆ ಪಾಲಾಗುವುದಿಲ್ಲ

ಪರಸ್ಪರ ಸಮ್ಮತಿಯ ವಿಚ್ಛೇದನಕ್ಕೆಂದು ನಾವಿಬ್ಬರೂ ಸಹಿ ಹಾಕಿದ ರಾಜಿ ಷರತ್ತುಗಳಲ್ಲಿ ಕೊನೆಯದು ಹೀಗಿತ್ತು: ‘ಜಂಟಿ ಹೆಸರಿನಲ್ಲಿರುವ ಫ್ಲ್ಯಾಟಿನ ವಿಷಯವನ್ನು ಉಭಯ ಪಕ್ಷಕಾರರು ಮುಂದೆ ಸೌಹಾರ್ದದಿಂದ ಇತ್ಯರ್ಥಪಡಿಸಿಕೊಳ್ಳತಕ್ಕದ್ದು.’ ಆಗ ನನಗೆ ಬೇಕಾಗಿದ್ದುದು ಬಿಡುಗಡೆ ಮಾತ್ರ. ಮನೆಯ ಮಾತೆತ್ತಿದರೆ ಅವರು ಸಮ್ಮತಿಯನ್ನೇ ಹಿಂತೆಗೆದುಕೊಳ್ಳಬಹುದೆಂಬ ಭಯವೂ ಇತ್ತು. ಆ ಒಂದು ವಾಕ್ಯ ನನ್ನ ನಾಲ್ಕು ವರ್ಷಗಳನ್ನು ನುಂಗಿತು. ಇದೇ ಹಂತದಲ್ಲಿ ನಿಂತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮದುವೆ ಮುರಿದಾಗ ಗಂಡ ಹೆಂಡತಿಯ ಗಳಿಕೆಯನ್ನೆಲ್ಲ ನ್ಯಾಯಾಲಯವೇ ಒಟ್ಟುಗೂಡಿಸಿ ಹಂಚುತ್ತದೆಯೆಂದು ನಾನು ನಂಬಿದ್ದೆ. ಗೋವಾದ ಮಾತು ಬೇರೆ. ಅಲ್ಲಿ ಪೋರ್ಚುಗೀಸ್ ಕಾಲದ ಸಂಹಿತೆಯಿಂದ ಬಂದ ದಂಪತಿಯ ಸಮಾನ ಒಡೆತನದ ಪದ್ಧತಿ ಉಳಿದಿದೆ. ನಮಗೆ ಅನ್ವಯಿಸುವುದು 1955ರ ಹಿಂದೂ ವಿವಾಹ ಅಧಿನಿಯಮ. ಅದರ 27ನೇ ಕಲಂ ವಿವಾಹದ ಸಮಯದಲ್ಲಿ ಅಥವಾ ಅದರ ಆಸುಪಾಸಿನಲ್ಲಿ ಉಡುಗೊರೆಯಾಗಿ ಬಂದ, ಇಬ್ಬರಿಗೂ ಸೇರಿರಬಹುದಾದ ಸ್ವತ್ತಿನ ಬಗ್ಗೆ ಮಾತ್ರ ವಿಚ್ಛೇದನದ ಡಿಕ್ರಿಯಲ್ಲೇ ಆದೇಶಿಸುವ ಅಧಿಕಾರ ಕೊಡುತ್ತದೆ. ಮದುವೆಗೆ ಮುಂಚೆ ಅಥವಾ ಅನಂತರ ಬಂದ ಸ್ವತ್ತೂ ಮದುವೆಗೆ ಸಂಬಂಧಿಸಿದ್ದಾದರೆ ಇದರೊಳಗೆ ಬರುತ್ತದೆಯೆಂದು ಸುಪ್ರೀಂ ಕೋರ್ಟ್ 1997ರಲ್ಲಿ ಹೇಳಿದೆ. ಮದುವೆಯಾಗಿ ಆರು ವರ್ಷಗಳ ಬಳಿಕ ಸಾಲ ಮಾಡಿ ಕೊಂಡ ಫ್ಲ್ಯಾಟು ಎಷ್ಟು ಎಳೆದರೂ ಆ ಕಲಮಿನೊಳಗೆ ಬರುವಂಥದ್ದಲ್ಲ. ರಾಜಿ ಷರತ್ತಿನಲ್ಲಿ ಯಾರಿಗೆ ಎಷ್ಟು ಪಾಲು, ಎಷ್ಟು ದಿನದೊಳಗೆ ಎಂದು ಬರೆದಿದ್ದರೆ ಅದು ಡಿಕ್ರಿಯ ಭಾಗವಾಗುತ್ತಿತ್ತು. ‘ಸೌಹಾರ್ದ’ವನ್ನು ಯಾವ ನ್ಯಾಯಾಲಯ ತಾನೇ ಜಾರಿ ಮಾಡೀತು?

ಡಿಕ್ರಿ ಕೈಗೆ ಬಂದ ಮೇಲೆ ಅವರು ಫ್ಲ್ಯಾಟಿನಲ್ಲೇ ಉಳಿದರು, ನಾನು ಬಾಡಿಗೆ ಮನೆಗೆ ಹೋದೆ. ಸಿವಿಲ್ ನ್ಯಾಯಾಲಯದಲ್ಲಿ ವಿಭಾಗದ ದಾವೆ ಹೂಡಿದ್ದು ಎರಡನೆಯ ತಪ್ಪು. ಕೌಟುಂಬಿಕ ನ್ಯಾಯಾಲಯವಿರುವ ಕಡೆ ದಂಪತಿಯ ಆಸ್ತಿ ವ್ಯಾಜ್ಯ 1984ರ ಕಾಯಿದೆಯಂತೆ ಅಲ್ಲಿಗೇ ಸೇರಬೇಕು. ವಿಚ್ಛೇದಿತರಿಗೂ ಇದೇ ನಿಯಮವೆಂದು 2003ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿಯಾಗಿತ್ತು. ದಾವೆಯ ಕಾಗದಗಳು ಹಿಂದಕ್ಕೆ ಬಂದವು, ಹನ್ನೊಂದು ತಿಂಗಳು ಹೋಯಿತು.

ನಿಜವಾದ ಹೋರಾಟ ನಡೆದದ್ದು ಪಾಲಿನ ಪ್ರಮಾಣದ ಮೇಲೆ. ಕ್ರಯಪತ್ರದಲ್ಲಿ ಇಬ್ಬರ ಹೆಸರೂ ಇತ್ತು, ಯಾರಿಗೆಷ್ಟು ಎಂಬುದಿರಲಿಲ್ಲ. ಇಂಥ ಸಂದರ್ಭಕ್ಕೆ ಸ್ವತ್ತು ವರ್ಗಾವಣೆ ಅಧಿನಿಯಮದ 45ನೇ ಕಲಂ ಇದೆ: ಬೇರೆ ಬೇರೆ ಹಣದಿಂದ ಕೊಂಡಿದ್ದರೆ ಕೊಟ್ಟ ಹಣದ ಅನುಪಾತದಲ್ಲಿ ಪಾಲು, ಪುರಾವೆ ಇಲ್ಲದಿದ್ದರೆ ಸಮಪಾಲು. ನಮ್ಮ ಮನೆಯಲ್ಲಿ ಸಾಲದ ಕಂತು ಅವರ ಸಂಬಳದಿಂದಲೂ ದಿನಸಿ, ಮಗುವಿನ ಶುಲ್ಕ, ವಿದ್ಯುತ್ ಬಿಲ್ಲು, ಅತ್ತೆಯವರ ಔಷಧಿ ಇವೆಲ್ಲ ನನ್ನ ಸಂಬಳದಿಂದಲೂ ಹೋಗುತ್ತಿದ್ದವು. ಸಂಸಾರ ನಡೆಯುತ್ತಿದ್ದಾಗ ಇದು ಲೆಕ್ಕವೇ ಆಗಿರಲಿಲ್ಲ. ನ್ಯಾಯಾಲಯದಲ್ಲಿ ಅವರು ತಮ್ಮ ಬ್ಯಾಂಕಿನ ವಿವರಪಟ್ಟಿಯೊಂದನ್ನೇ ಮುಂದಿಟ್ಟು, ಕಂತೆಲ್ಲ ತಮ್ಮದೇ ಆದ್ದರಿಂದ ಮನೆಯೂ ತಮ್ಮದೇ ಎಂದರು. ಇಬ್ಬರ ದುಡಿಮೆಯೂ ಒಂದೇ ಸಂಸಾರದ ನಿಧಿಯಾಗಿತ್ತೆಂದು ತೋರಿಸಲು ನಾನು ಎಂಟು ವರ್ಷಗಳ ರಸೀದಿಗಳನ್ನು ಹುಡುಕಬೇಕಾಯಿತು. ನಗದಾಗಿ ಕೊಟ್ಟಿದ್ದಕ್ಕೆ ಗುರುತೇ ಉಳಿದಿರಲಿಲ್ಲ. ಕೊನೆಗೆ ಅರ್ಧ ಪಾಲು ಸಿಕ್ಕಿತು, ನಿಜ. ಆದರೆ ಕ್ರಯಪತ್ರ ಬರೆಸುವಾಗಲೇ ಒಂದು ಸಾಲು ಸೇರಿಸಿದ್ದರೆ ಈ ಪರದಾಟವೇ ಇರುತ್ತಿರಲಿಲ್ಲ.

ಈ ನಡುವೆ ಅವರು ಕಂತು ಕಟ್ಟುವುದನ್ನು ನಿಲ್ಲಿಸಿದರು. ಸಾಲಪತ್ರಕ್ಕೆ ಇಬ್ಬರೂ ಸಹಿ ಹಾಕಿದ್ದರೆ ಬ್ಯಾಂಕು ಪೂರ್ತಿ ಬಾಕಿಯನ್ನು ಇಬ್ಬರಲ್ಲಿ ಯಾರಿಂದ ಬೇಕಾದರೂ ಕೇಳಬಹುದು. ಗಂಡ ಹೆಂಡತಿ ತಮ್ಮೊಳಗೆ ಏನೇ ಬರೆದುಕೊಂಡಿದ್ದರೂ ಅದಕ್ಕೆ ಬ್ಯಾಂಕು ಬದ್ಧವಲ್ಲ. ನಾನು ಕಾಲಿಡಲಾಗದ ಮನೆಗೆ ನಾನೇ ಏಳು ಕಂತು ಕಟ್ಟಿದೆ.

ಇನ್ನು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡಿದ ತಪ್ಪಿನ ವಿಷಯ. ಫ್ಲ್ಯಾಟನ್ನು ಗೋಡೆ ಕಟ್ಟಿ ಎರಡು ಮಾಡಲಾಗುವುದಿಲ್ಲ. ಇಂಥ ಸ್ವತ್ತಿಗೆ 1893ರ ವಿಭಾಗ ಅಧಿನಿಯಮ ಅನ್ವಯಿಸುತ್ತದೆ. ಅರ್ಧ ಅಥವಾ ಅದಕ್ಕಿಂತ ಹೆಚ್ಚು ಪಾಲುಳ್ಳವರು ಕೋರಿದರೆ, ಹಂಚುವುದಕ್ಕಿಂತ ಮಾರುವುದು ಲೇಸೆನಿಸಿದಾಗ ನ್ಯಾಯಾಲಯ ಮಾರಾಟಕ್ಕೆ ಆದೇಶಿಸಬಹುದೆಂದು ಅದರ 2ನೇ ಕಲಂ ಹೇಳುತ್ತದೆ. ಅದನ್ನು ಓದಿ, ಮಾರಾಟವಾದರೆ ನಾನೇ ಕೊಳ್ಳುತ್ತೇನೆಂಬ ಲೆಕ್ಕಾಚಾರದಲ್ಲಿ ಅರ್ಜಿ ಹಾಕಿಸಿದೆ. ಮುಂದಿನ ಕಲಮನ್ನು ಓದಿರಲಿಲ್ಲ. ಒಬ್ಬರು ಮಾರಾಟ ಕೋರಿದಾಗ, ಕೋರಿದವರ ಪಾಲನ್ನು ನ್ಯಾಯಾಲಯ ನಿಗದಿಪಡಿಸಿದ ಬೆಲೆಗೆ ಕೊಳ್ಳುವ ಅವಕಾಶವನ್ನು 3ನೇ ಕಲಂ ಇನ್ನೊಬ್ಬ ಪಾಲುದಾರರಿಗೆ ಕೊಡುತ್ತದೆ. ಅವರು ಅರ್ಜಿ ಹಾಕಿದ ಮೇಲೆ ಬೆಲೆ ಕಟ್ಟಿಸಿ ಅವರಿಗೇ ನೀಡುವುದು ನ್ಯಾಯಾಲಯದ ಕರ್ತವ್ಯವಾಯಿತು. ಮನೆ ಉಳಿಸಿಕೊಳ್ಳಬೇಕೆಂದಿದ್ದ ನಾನೇ ಅದನ್ನು ಅವರ ಕೈಗಿಟ್ಟಂತಾಯಿತು. ಮನೆ ಬೇಕೆನ್ನುವವರು ಮಾರಾಟದ ಕೋರಿಕೆಯನ್ನು ತಾವಾಗಿ ಮುಂದಿಡುವ ಮೊದಲು ಈ ಎರಡು ಕಲಮುಗಳನ್ನು ವಕೀಲರ ಎದುರು ಕೂತು, ಒಟ್ಟಿಗೆ ಓದಿಸಿಕೊಳ್ಳಬೇಕು.

ಹಣ ಸಂದಾಯವಾಗುವ ಹೊತ್ತಿಗೆ ಒಂದು ಬುದ್ಧಿಯಾದರೂ ಬಂದಿತ್ತು: ಸಾಲದಿಂದ ನನ್ನ ಹೆಸರನ್ನು ತೆಗೆದ ಬ್ಯಾಂಕಿನ ಪತ್ರ ಹಾಜರಾಗುವವರೆಗೆ ನನ್ನ ಪಾಲಿನ ಕ್ರಯಪತ್ರ ನೋಂದಣಿಯಾಗಕೂಡದೆಂಬ ಷರತ್ತನ್ನು ಆದೇಶದಲ್ಲೇ ಬರೆಸಿದೆ. ಆ ಪತ್ರ ಬರಲು ಮತ್ತೆ ಮೂರು ತಿಂಗಳು ಹಿಡಿಯಿತು.